ಎಲೆಯ ಸಕ್ಕರೆ-ಪಿಷ್ಟದ ಲೆಕ್ಕ ತಪ್ಪಿದಾಗ: ಬೆಂಗಳೂರಿನ ಮರಗಳಲ್ಲಿ ಗಂಧಕ ಮಾಲಿನ್ಯದ ಪತ್ತೆ

ಬೆಂಗಳೂರಿನಲ್ಲಿ ರಸ್ತೆ ಬದಿಯ ಮರವೊಂದರ ಎಲೆ ಬಿಳಿಚಿಕೊಂಡರೆ, ಅಂಚು ಸುಟ್ಟಂತಾದರೆ ಅಥವಾ ಕಾಲವಲ್ಲದ ಕಾಲದಲ್ಲಿ ಉದುರತೊಡಗಿದರೆ ಸುತ್ತಲಿನವರು ಮೊದಲು ಬೆರಳು ತೋರಿಸುವುದು ಹೊಗೆಯ ಕಡೆಗೆ. ಆ ಎಲೆಯನ್ನು ಯಾವುದಾದರೂ ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದು ನೋಡಿಸಿದಾಗ ಅಪಕರ್ಷಕ ಸಕ್ಕರೆ (ಗ್ಲೂಕೋಸ್, ಫ್ರಕ್ಟೋಸ್‌ನಂಥ ಸರಳ ಸಕ್ಕರೆ) ಹೆಚ್ಚಾಗಿ ಸುಕ್ರೋಸ್ ಇಳಿದಿರುವುದು ಕಂಡುಬಂದರಂತೂ, ಇದು ಗಂಧಕದ ಡೈಆಕ್ಸೈಡಿನದೇ ಕೈವಾಡ ಎಂದು ವರದಿ ಸಿದ್ಧವಾಗಿಬಿಡುತ್ತದೆ. ಅಂಥ ವರದಿಗೆ ಸಹಿ ಹಾಕುವ ಮೊದಲು ಮಾಡಬೇಕಾದ ಪರೀಕ್ಷೆಗಳನ್ನು ಅವುಗಳ ಕ್ರಮದಲ್ಲೇ ಇಲ್ಲಿ ವಿವರಿಸಲಾಗಿದೆ. ಪ್ರಾಜೆಕ್ಟ್ ಮಾಡುವ ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೂ ಬಡಾವಣೆಯ ಮರಗಳ ಹೊಣೆ ಹೊತ್ತ ನಿವಾಸಿಗಳ ಸಂಘದವರಿಗೂ ಇದು ಉಪಯೋಗಕ್ಕೆ ಬರಬೇಕೆಂಬುದು ಉದ್ದೇಶ. ಸಕ್ಕರೆಯ ಒಂದು ಅಂಕಿಯನ್ನು ಹಿಡಿದು ಗಂಧಕವನ್ನು ಅಪರಾಧಿ ಎನ್ನಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂಜಾನೆಯ ಹೊತ್ತಿನಲ್ಲಿ ಎಲೆಯಲ್ಲಿ ಉಳಿದ ಪಿಷ್ಟ, ಎಲೆಯೊಳಗಿನ ಗಂಧಕದ ಪ್ರಮಾಣ, ಗಾಳಿ ಬೀಸುವ ದಿಕ್ಕು, ಈ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಿರ್ಣಯಕ್ಕೆ ಬರಬಹುದು.

ಗಂಧಕ ಎಲೆಯೊಳಗೆ ಮಾಡುವುದೇನು

ಯಾವ ಲಕ್ಷಣವನ್ನು ಹುಡುಕಬೇಕೆಂದು ತಿಳಿಯಲು ಒಳಗಿನ ವ್ಯವಹಾರವನ್ನು ಸ್ವಲ್ಪ ತಿಳಿದಿರಬೇಕು. ಗಂಧಕದ ಡೈಆಕ್ಸೈಡ್ ಅನಿಲವು ಪತ್ರರಂಧ್ರಗಳ ಮೂಲಕ ಒಳಹೊಕ್ಕು, ಜೀವಕೋಶಗಳ ಭಿತ್ತಿಯನ್ನು ತೋಯಿಸಿರುವ ನೀರಿನಲ್ಲಿ ಕರಗಿ, ಸಲ್ಫೈಟ್ ಮತ್ತು ಬೈಸಲ್ಫೈಟ್ ಅಯಾನುಗಳಾಗುತ್ತದೆ. ಎಲೆಗೆ ನಿಜವಾಗಿ ವಿಷವಾಗುವುದು ಈ ಸಲ್ಫೈಟ್. ಎಲೆಯೂ ಸುಮ್ಮನೆ ಕೂರುವುದಿಲ್ಲ: ಜೀವಕೋಶದೊಳಗಿನ ಪೆರಾಕ್ಸಿಸೋಮ್ ಎಂಬ ಪುಟ್ಟ ಅಂಗಗಳಲ್ಲಿರುವ ಸಲ್ಫೈಟ್ ಆಕ್ಸಿಡೇಸ್ ಎಂಬ ಮಾಲಿಬ್ಡಿನಮ್ ಹೊಂದಿದ ಕಿಣ್ವವು ಅದನ್ನು ಅಷ್ಟಾಗಿ ಅಪಾಯವಿಲ್ಲದ ಸಲ್ಫೇಟ್ ಆಗಿ ಬದಲಿಸುತ್ತದೆ, ಕ್ಲೋರೋಪ್ಲಾಸ್ಟ್‌ಗಳು ಇನ್ನೊಂದು ಪಾಲನ್ನು ಸಲ್ಫೈಡ್‌ಗೆ ಇಳಿಸಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ತಯಾರಿಸಿಕೊಳ್ಳುತ್ತವೆ. ಅನಿಲ ಒಳಬರುವ ವೇಗ ಈ ಎರಡು ದಾರಿಗಳ ಸಾಮರ್ಥ್ಯವನ್ನು ಮೀರಿದಾಗಲೇ ತೊಂದರೆ ಶುರುವಾಗುತ್ತದೆ. ಮಣ್ಣಿನಲ್ಲಿ ಗಂಧಕದ ಕೊರತೆ ಇದ್ದಲ್ಲಿ ಅತ್ಯಲ್ಪ ಪ್ರಮಾಣದ ಅನಿಲ ಗಿಡಕ್ಕೆ ಗೊಬ್ಬರವೂ ಆಗಬಲ್ಲದು ಎಂಬುದನ್ನು ಇಲ್ಲಿಯೇ ನೆನಪಿಡಬೇಕು, ಏಕೆಂದರೆ ಗಂಧಕ ಸಿಕ್ಕಿತೆಂದ ಮಾತ್ರಕ್ಕೆ ಹಾನಿಯಾಗಿದೆ ಎಂದು ಅರ್ಥವಲ್ಲ.

ಕಾರ್ಬೋಹೈಡ್ರೇಟ್ ಚಯಾಪಚಯಕ್ಕೆ ಬೀಳುವ ಪೆಟ್ಟು ಒಂದೇ ಕಡೆಯದಲ್ಲ. ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೋ ಕಿಣ್ವದ ಬಳಿ ಸಲ್ಫೈಟ್ ಅದಕ್ಕೆ ಪೈಪೋಟಿ ಕೊಡುತ್ತದೆ. ಬೆಳಕಿನಲ್ಲಿ ಚುರುಕುಗೊಳ್ಳುವ ಫ್ರಕ್ಟೋಸ್ ಬಿಸ್‌ಫಾಸ್ಫಟೇಸ್‌ನಂಥ ಕಿಣ್ವಗಳಲ್ಲಿರುವ ಗಂಧಕದ ಗುಂಪುಗಳು, ಸಲ್ಫೈಟ್ ಉತ್ಕರ್ಷಣೆಗೊಳ್ಳುವಾಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಕೆಟ್ಟು, ಇಂಗಾಲದಿಂದ ಸಕ್ಕರೆ ಕಟ್ಟುವ ಕ್ಯಾಲ್ವಿನ್ ಚಕ್ರ ನಿಧಾನವಾಗುತ್ತದೆ. ಸಲ್ಫೈಟ್ ಮತ್ತು ಸಲ್ಫೇಟ್‌ಗಳು ಫಾಸ್ಫೇಟ್ ಸಾಗುವ ದಾರಿಯಲ್ಲೇ ಕ್ಲೋರೋಪ್ಲಾಸ್ಟ್‌ನ ಒಳಗೆ ನುಸುಳುವುದರಿಂದ, ಟ್ರಯೋಸ್ ಫಾಸ್ಫೇಟ್ ಎಂಬ ಮೂರು ಇಂಗಾಲದ ಸಕ್ಕರೆ ಹೊರಬಂದು ಸುಕ್ರೋಸ್ ಆಗುವ ವಿನಿಮಯಕ್ಕೂ ಜೀವಕೋಶದ ಶಕ್ತಿ ಹೊರುವ ಎಟಿಪಿ ತಯಾರಿಕೆಗೂ ಅಡ್ಡಿಯಾಗುತ್ತದೆ. ಇವೆಲ್ಲಕ್ಕಿಂತ ಕಡಿಮೆ ಪ್ರಮಾಣದಲ್ಲಿ, ಎಲೆಯ ಮೇಲೆ ಯಾವ ಗುರುತೂ ಕಾಣದಿರುವಾಗಲೇ, ತೊಂದರೆಗೆ ಒಳಗಾಗುವುದು ಸುಕ್ರೋಸನ್ನು ಅದು ಸಾಗುವ ಫ್ಲೋಯಂ ನಾಳಕ್ಕೆ ತುಂಬುವ ಕೆಲಸ. ತಯಾರಾದ ಸಕ್ಕರೆ ಎಲೆಯಲ್ಲೇ ನಿಲ್ಲುತ್ತದೆ, ಬೇರಿಗೆ ಹೋಗಬೇಕಾದ ಪಾಲು ಹೋಗುವುದಿಲ್ಲ, ಕಾಲಕ್ರಮೇಣ ಬೇರಿನ ಬೆಳವಣಿಗೆ ಕುಗ್ಗುತ್ತದೆ.

ಆದ್ದರಿಂದ ಗಂಧಕದ ಪ್ರಭಾವಕ್ಕೆ ಒಂದೇ ಮುಖವಿಲ್ಲ. ಅಲ್ಪ ಪ್ರಮಾಣದಲ್ಲಿ ದೀರ್ಘಕಾಲ ಬಿದ್ದರೆ ಎಲೆಯಲ್ಲಿ ಪಿಷ್ಟ ಅಥವಾ ಅಪಕರ್ಷಕ ಸಕ್ಕರೆ ಏರಬಹುದು. ಹೆಚ್ಚು ಪ್ರಮಾಣದಲ್ಲಿ ಬಿದ್ದರೆ ದ್ಯುತಿಸಂಶ್ಲೇಷಣೆಯೇ ಕುಸಿದು ಪಿಷ್ಟ, ಸುಕ್ರೋಸ್ ಎಲ್ಲವೂ ಇಳಿಯಬಹುದು. ಒಂದೇ ಮರದ ಎರಡು ಬದಿಗಳಲ್ಲಿ ಈ ಎರಡು ಬಗೆಯ ಫಲಿತಾಂಶಗಳೂ ದೊರೆಯುವುದು ಅಸಂಭವವಲ್ಲ. ‘ಸಕ್ಕರೆ ಹೆಚ್ಚಾಗಿದೆ’ ಅಥವಾ ‘ಕಡಿಮೆಯಾಗಿದೆ’ ಎಂಬ ವಾಕ್ಯದಿಂದ ಆರಂಭವಾಗುವ ರೋಗನಿರ್ಣಯವನ್ನು ನಾನು ನಂಬದಿರುವುದು ಇದೇ ಕಾರಣಕ್ಕೆ.

ಮೊದಲ ಅನುಮಾನ ಮಾದರಿಯ ಮೇಲೆ ಇರಲಿ

ಕಿತ್ತ ಎಲೆ ಸತ್ತ ಎಲೆಯಲ್ಲ. ಅದು ಉಸಿರಾಡುತ್ತಲೇ ಇರುತ್ತದೆ, ಅದರೊಳಗಿನ ಇನ್ವರ್ಟೇಸ್ ಕಿಣ್ವ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತಲೇ ಇರುತ್ತದೆ, ಪಿಷ್ಟವೂ ಕರಗುತ್ತಿರುತ್ತದೆ. ಪೀಣ್ಯದಲ್ಲಿ ಬೆಳಿಗ್ಗೆ ಕಿತ್ತ ಹೊಂಗೆಯ ಎಲೆ ಪ್ಲಾಸ್ಟಿಕ್ ಚೀಲದೊಳಗೆ ಬೆವರುತ್ತ, ಗೊರಗುಂಟೆಪಾಳ್ಯದ ವಾಹನ ದಟ್ಟಣೆಯನ್ನು ದಾಟಿ, ಮಧ್ಯಾಹ್ನದ ಹೊತ್ತಿಗೆ ಪ್ರಯೋಗಾಲಯದ ಮೇಜು ತಲುಪಿದರೆ, ಅಷ್ಟರಲ್ಲಿ ಅಪಕರ್ಷಕ ಸಕ್ಕರೆ ಏರಿ ಸುಕ್ರೋಸ್ ಇಳಿದಿರುತ್ತದೆ. ಗಂಧಕದ ಲಕ್ಷಣವೆಂದು ಹೇಳುವ ಬದಲಾವಣೆಯೂ ಇದೇ. ಹೋಲಿಕೆಗಾಗಿ ತಂದ ಆರೋಗ್ಯವಂತ ಮರದ ಎಲೆ ಪ್ರಯೋಗಾಲಯದ ಪಕ್ಕದ ಆವರಣದಿಂದಲೇ ಬಂದಿದ್ದರೆ ತಪ್ಪು ಇಮ್ಮಡಿಯಾಗುತ್ತದೆ, ಏಕೆಂದರೆ ಆ ಎಲೆಗೆ ಪ್ರಯಾಣದ ಕಷ್ಟವೇ ಇರಲಿಲ್ಲ.

ಇದಕ್ಕೆ ಪರಿಹಾರ ಸರಳ. ಎಲೆಯನ್ನು ಮರದ ಬುಡದಲ್ಲೇ, ಕಿತ್ತ ಕೂಡಲೇ, ಡ್ರೈ ಐಸ್‌ನಲ್ಲಿ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಹೆಪ್ಪುಗಟ್ಟಿಸಬೇಕು, ಇಲ್ಲವೇ ತೂಕ ಮಾಡಿ ಬಿಸಿಯಾದ ಶೇ 80ರ ಎಥನಾಲ್‌ಗೆ ಹಾಕಿ ಕಿಣ್ವಗಳ ಕೆಲಸವನ್ನು ನಿಲ್ಲಿಸಬೇಕು. ಎರಡೂ ಸಾಧ್ಯವಿಲ್ಲದಿದ್ದರೆ ಸಾಮಾನ್ಯ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ತಂದು, ಅನುಮಾನದ ಮರದ ಎಲೆಗೂ ಹೋಲಿಕೆಯ ಮರದ ಎಲೆಗೂ ಅದೇ ಅವಧಿ, ಅದೇ ಡಬ್ಬಿ ದೊರೆಯುವಂತೆ ನೋಡಿಕೊಳ್ಳಬೇಕು. ವಿಳಂಬದಿಂದಾದ ದೋಷವೇ ಎಂದು ಪರೀಕ್ಷಿಸಲು ಒಂದು ಉಪಾಯವಿದೆ: ಒಂದೇ ಕೊಂಬೆಯಿಂದ ಒಂದೇ ವಯಸ್ಸಿನ ಎಲೆಗಳನ್ನು ಎರಡು ಪಾಲು ಮಾಡಿ, ಒಂದನ್ನು ಅಲ್ಲೇ ಎಥನಾಲ್‌ಗೆ ಹಾಕಿ, ಇನ್ನೊಂದನ್ನು ಎಂದಿನಂತೆ ಚೀಲದಲ್ಲಿ ತಂದು ಪರೀಕ್ಷಿಸಿ. ಎರಡರ ನಡುವಿನ ವ್ಯತ್ಯಾಸ, ಅನುಮಾನದ ಮರಕ್ಕೂ ಹೋಲಿಕೆಯ ಮರಕ್ಕೂ ಇರುವ ವ್ಯತ್ಯಾಸದಷ್ಟೇ ದೊಡ್ಡದಾಗಿದ್ದರೆ, ಹಿಂದಿನ ಅಂಕಿಗಳನ್ನೆಲ್ಲ ಬದಿಗಿಟ್ಟು ಹೊಸದಾಗಿ ಆರಂಭಿಸಬೇಕು.

ಅಳತೆಯ ವಿಧಾನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆ್ಯಂಥ್ರೋನ್ ವಿಧಾನ ಎಲ್ಲ ಸಕ್ಕರೆಗಳನ್ನೂ ಒಟ್ಟಾಗಿ ಅಳೆಯುತ್ತದೆ. ಡಿಎನ್‌ಎಸ್ (ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲ) ಕಾರಕ 540 ನ್ಯಾನೋಮೀಟರ್ ತರಂಗಾಂತರದಲ್ಲಿ ಅಪಕರ್ಷಕ ಸಕ್ಕರೆಯನ್ನು ಮಾತ್ರ ತೋರಿಸುತ್ತದೆ. ಇನ್ವರ್ಟೇಸ್‌ನಿಂದ ಅಥವಾ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಿಂದ ಜಲವಿಶ್ಲೇಷಣೆ ಮಾಡುವ ಮೊದಲು ಮತ್ತು ಅನಂತರ ಡಿಎನ್‌ಎಸ್ ಅಳತೆ ತೆಗೆದು, ವ್ಯತ್ಯಾಸವನ್ನು 0.95ರಿಂದ ಗುಣಿಸಿದರೆ ಸುಕ್ರೋಸ್ ದೊರೆಯುತ್ತದೆ. ಎಥನಾಲ್‌ನಲ್ಲಿ ಸಕ್ಕರೆ ತೆಗೆದ ಮೇಲೆ ಉಳಿದ ಚರಟದಿಂದ ಪಿಷ್ಟವನ್ನು ಗ್ಲೂಕೋಸ್ ಆಗಿಸಿ, 0.9ರಿಂದ ಗುಣಿಸಬೇಕು. ಫಲಿತಾಂಶವನ್ನು ಹಸಿ ತೂಕಕ್ಕೆ ಲೆಕ್ಕ ಹಾಕುವ ಅಭ್ಯಾಸವನ್ನು ಮಾತ್ರ ಬಿಡಬೇಕು. ಏಪ್ರಿಲ್‌ನ ಮಧ್ಯಾಹ್ನ ಬಾಡಿದ ಎಲೆಯಲ್ಲಿ ನೀರು ಕಡಿಮೆಯಾದ ಮಾತ್ರಕ್ಕೆ ಸಕ್ಕರೆ ಹೆಚ್ಚಿದಂತೆ ಕಾಣುತ್ತದೆ. ಒಣ ತೂಕ ಅಥವಾ ಎಲೆಯ ವಿಸ್ತೀರ್ಣವೇ ಸರಿಯಾದ ಆಧಾರ. ಸುಟ್ಟ ಕಲೆಗಳಿರುವ ಭಾಗವನ್ನು ಹಸಿರು ಭಾಗದೊಂದಿಗೆ ಸೇರಿಸಿ ಅರೆದರೆ ಸತ್ತ ಅಂಗಾಂಶವು ಎಲ್ಲ ಅಂಕಿಗಳನ್ನೂ ಕೆಳಗೆ ಎಳೆಯುತ್ತದೆ. ಹಸಿರು ಭಾಗವನ್ನು ಕತ್ತರಿಸಿ ಬೇರೆಯಾಗಿಯೇ ಪರೀಕ್ಷಿಸಬೇಕು.

ಎಲೆಯ ವಯಸ್ಸೂ ಒಂದು ಬಲೆ. ಇನ್ನೂ ಅರಳುತ್ತಿರುವ ಚಿಗುರು ಸಕ್ಕರೆಯನ್ನು ಬೇರೆ ಎಲೆಗಳಿಂದ ಪಡೆಯುತ್ತದೆಯೇ ಹೊರತು ಕೊಡುವುದಿಲ್ಲ, ಹಾಗಾಗಿ ಅದರಲ್ಲಿ ಪಿಷ್ಟ ಸಹಜವಾಗಿಯೇ ಕಡಿಮೆ. ಇನ್ನೊಂದು ಕೊನೆಯಲ್ಲಿ, ಚಳಿಗಾಲದಲ್ಲಿ ಕೆಂಪೇರಿ ಉದುರಲು ನಿಂತ ಕಾಡುಬಾದಾಮಿಯ ಎಲೆಯಲ್ಲಿ ಪಿಷ್ಟ ಕರಗಿ ಸಕ್ಕರೆ ಹೆಚ್ಚಿರುತ್ತದೆ. ಆ ಕೆಂಪು ಬಣ್ಣವನ್ನು ಮಾಲಿನ್ಯವೆಂದು ದೂರುವವರು ಪ್ರತಿವರ್ಷವೂ ಸಿಗುತ್ತಾರೆ. ಕೊಂಬೆಯ ತುದಿಯಿಂದ ಹಿಂದಕ್ಕೆ ಎಣಿಸಿ, ಪೂರ್ತಿ ಅರಳಿ ಗಟ್ಟಿಯಾದ ಮೊದಲ ಎಲೆಗಳನ್ನು, ಬಿಸಿಲು ನೇರವಾಗಿ ಬೀಳುವ ಹೊರಮೈಯಿಂದಲೇ ಆರಿಸಬೇಕು.

ಮುಂಜಾನೆಯ ಪಿಷ್ಟ

ಮಾದರಿ ಸರಿಯಿದೆ ಎಂದಾದ ಮೇಲೆ ಮಾಡಬೇಕಾದ ಮೊದಲ ಪರೀಕ್ಷೆಗೆ ಸ್ಪೆಕ್ಟ್ರೋಫೋಟೋಮೀಟರ್ ಬೇಕಿಲ್ಲ, ಅಯೋಡಿನ್ ಸಾಕು. ಆರೋಗ್ಯವಂತ ಎಲೆ ಹಗಲಿನಲ್ಲಿ ಪಿಷ್ಟ ಕೂಡಿಸಿ ರಾತ್ರಿಯಲ್ಲಿ ಅದನ್ನು ಸುಕ್ರೋಸ್ ಆಗಿ ಹೊರಗೆ ಕಳಿಸುತ್ತದೆ, ಬೆಳಗಾಗುವ ಹೊತ್ತಿಗೆ ಅದರ ಉಗ್ರಾಣ ಬಹುಪಾಲು ಬರಿದಾಗಿರುತ್ತದೆ. ಆದ್ದರಿಂದ ಒಂದೇ ಕೊಂಬೆಯಿಂದ ಸೂರ್ಯಾಸ್ತದ ಮುನ್ನ ಕೆಲವು ಎಲೆಗಳನ್ನೂ ಮರುದಿನ ಸೂರ್ಯ ಹುಟ್ಟುವ ಮೊದಲು ಕೆಲವು ಎಲೆಗಳನ್ನೂ ತೆಗೆಯಬೇಕು. ಎಲೆಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಬಳಿಕ ಸ್ಪಿರಿಟ್ ತುಂಬಿದ ಬೀಕರ್‌ನಲ್ಲಿಟ್ಟು, ಆ ಬೀಕರನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಹಸಿರು ಪೂರ್ತಿ ಹೋಗುವವರೆಗೆ ಕಾಯಿಸಬೇಕು. ಸ್ಪಿರಿಟ್ ಇರುವ ಬೀಕರನ್ನು ನೇರ ಬೆಂಕಿಯ ಮೇಲೆ ಇಡಲೇಬಾರದು. ಬಿಳಿಯಾದ ಎಲೆ ಗರಿಗರಿಯಾಗಿ ಒಡೆಯುವಂತಿರುತ್ತದೆ. ಅದನ್ನು ಬಿಸಿನೀರಿಗೆ ಮತ್ತೆ ಹಾಕಿ ಮೆದುಗೊಳಿಸಿ, ಪೆಟ್ರಿ ತಟ್ಟೆಯಲ್ಲಿ ಹರಡಿ, ಲುಗೋಲ್ ಅಯೋಡಿನ್ ಸುರಿದು ಕೆಲವು ನಿಮಿಷಗಳ ನಂತರ ತೊಳೆದು ನೋಡಬೇಕು.

ಹೊಂಗೆಯ ಎಲೆಗೆ ಇದು ಸುಲಭ. ಮಾವಿನ ಬಲಿತ ಎಲೆಯ ಹಸಿರು ಬೇಗ ಹೋಗುವುದಿಲ್ಲ, ಫೀನಾಲಿಕ್ ಅಂಶಗಳಿಂದ ಎಲೆ ಕಂದು ಬಣ್ಣಕ್ಕೆ ತಿರುಗಿ ಅಯೋಡಿನ್ನಿನ ಬಣ್ಣವನ್ನೇ ಮರೆಮಾಡುತ್ತದೆ. ಸ್ಪಿರಿಟ್ಟನ್ನು ಬದಲಾಯಿಸಿ ಇನ್ನೊಮ್ಮೆ ಕಾಯಿಸಿದರೆ ಸ್ವಲ್ಪ ಸರಿಹೋಗುತ್ತದೆ. ಮಳೆಮರದ ಕಿರುಎಲೆಗಳು ಸಂಜೆ ಮತ್ತು ಮೋಡದ ಹೊತ್ತಿನಲ್ಲಿ ಮಡಚಿಕೊಳ್ಳುವುದರಿಂದ, ಮೋಡ ಕವಿದ ದಿನದ ಸಂಜೆಯ ಪಿಷ್ಟವನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯದಿರುವುದು ಒಳ್ಳೆಯದು.

ಸಂಜೆ ಕಡು ನೀಲಿ-ಕಪ್ಪು, ಮುಂಜಾನೆ ತೆಳು ಹಳದಿ-ಕಂದು ಬಂದರೆ ಎಲೆಯ ಸಕ್ಕರೆ ವ್ಯವಹಾರ ಸರಿಯಾಗಿದೆ. ಎಲೆ ಬಿಳಿಚಿಕೊಂಡಿದ್ದರೂ ಕಾರಣವನ್ನು ಬೇರೆಡೆ ಹುಡುಕಬೇಕು. ಸಂಜೆಯೂ ಕಪ್ಪು, ಮುಂಜಾನೆಯೂ ಕಪ್ಪು ಆದರೆ ಸಕ್ಕರೆ ಹೊರಗೆ ಹೋಗುತ್ತಿಲ್ಲ. ಸಂಜೆಯೂ ಬಣ್ಣ ತೆಳುವಾಗಿದ್ದರೆ ತಯಾರಿಕೆಯೇ ಕುಂಠಿತವಾಗಿದೆ, ಇಲ್ಲವೇ ನೀರಿನ ಕೊರತೆಯಿಂದ ಪಿಷ್ಟವೆಲ್ಲ ಸಕ್ಕರೆಯಾಗಿ ಕರಗುತ್ತಿದೆ. ಬಣ್ಣ ಎಲೆಯ ತುಂಬ ಒಂದೇ ಸಮನಾಗಿಲ್ಲದೆ ನರಗಳ ನಡುವಿನ ತೇಪೆಗಳಲ್ಲಿ ಮಾತ್ರ ತೆಳುವಾಗಿದ್ದರೆ ಅದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಕಣ್ಣಿಗೆ ಕಲೆ ಕಾಣುವ ಮೊದಲೇ ಕೆಲಸ ನಿಲ್ಲಿಸಿದ ಜಾಗಗಳು ಹೀಗೆ ಪ್ರಕಟವಾಗುತ್ತವೆ.

ಮುಂಜಾನೆಯ ಕಪ್ಪು ಬಣ್ಣ ಕಂಡಾಗ ಗಂಧಕವೆನ್ನುವ ಮುನ್ನ ಕಾಂಡದ ಸುತ್ತ ಒಂದು ಸುತ್ತು ಹಾಕಬೇಕು. ತುಮಕೂರು ರಸ್ತೆಯ ಆಚೆಗಿನ ಬಡಾವಣೆಯೊಂದರಲ್ಲಿ ಹೊಳೆದಾಸವಾಳದ ಸಾಲಿನ ಕೆಲವು ಮರಗಳು ಮಾತ್ರ ಹಳದಿಯಾಗಿ, ಅವುಗಳ ಎಲೆಗಳಲ್ಲಿ ಬೆಳಗಿನ ಪಿಷ್ಟ ತುಂಬಿಕೊಂಡಿರುವುದನ್ನು ಕಂಡು, ನಿವಾಸಿಗಳು ಹತ್ತಿರದ ಬಾಯ್ಲರಿನ ಚಿಮಣಿಯ ಮೇಲೆ ದೂರು ಸಿದ್ಧಪಡಿಸಿದ್ದರು. ಹಳದಿಯಾದ ಪ್ರತಿ ಮರದ ಕಾಂಡದಲ್ಲೂ ಎದೆಯೆತ್ತರಕ್ಕೆ ಹಿಂದೆಂದೋ ದೀಪದ ಸರ ಕಟ್ಟಿದ ಬೈಂಡಿಂಗ್ ತಂತಿ ತೊಗಟೆಯೊಳಗೆ ಹೂತುಹೋಗಿತ್ತು, ಅದರ ಮೇಲ್ಭಾಗದ ತೊಗಟೆ ಬಳೆಯಂತೆ ಊದಿಕೊಂಡಿತ್ತು. ಒಳತೊಗಟೆಯಲ್ಲಿ ಸಾಗಬೇಕಾದ ಸಕ್ಕರೆಗೆ ಅಲ್ಲಿಯೇ ತಡೆಯಾಗಿತ್ತು. ಚಿಮಣಿಗೆ ಇನ್ನೂ ಹತ್ತಿರವಿದ್ದ, ತಂತಿ ಕಟ್ಟದ ಮರಗಳು ಹಸಿರಾಗಿಯೇ ಇದ್ದವು. ತಂತಿಯಷ್ಟೇ ಅಲ್ಲ, ಕಬ್ಬಿಣದ ಮರರಕ್ಷಕ, ಕೇಬಲ್ ಬಿಗಿತ, ಕಾಂಡಕೊರಕದ ಸುರಂಗ, ಬುಡಕ್ಕೆ ಒತ್ತಿ ಸುರಿದ ಕಾಂಕ್ರೀಟ್, ಇವೆಲ್ಲವೂ ಇದೇ ಫಲಿತಾಂಶ ಕೊಡುತ್ತವೆ. ಈ ಊರಿನಲ್ಲಿ ಗಂಧಕಕ್ಕಿಂತ ಇವೇ ಹೆಚ್ಚು.

ಕಟ್ಟಡ ಕಾಮಗಾರಿಯ ಧೂಳನ್ನೂ ಇದೇ ಹಂತದಲ್ಲಿ ಪರಿಶೀಲಿಸಬೇಕು. ಧೂಳಿನ ಪದರ ಬೆಳಕನ್ನು ತಡೆದು ಪತ್ರರಂಧ್ರಗಳನ್ನು ಮುಚ್ಚಿ ಸಂಜೆಯ ಪಿಷ್ಟವನ್ನು ಇಳಿಸುತ್ತದೆ. ಒಂದು ಕೊಂಬೆಯನ್ನು ನೀರಿನಿಂದ ಚೆನ್ನಾಗಿ ತೊಳೆದು ಒಂದು ವಾರ ಬಿಟ್ಟು ಮತ್ತೆ ನೋಡಿದಾಗ ಸಂಜೆಯ ಬಣ್ಣ ಗಾಢವಾಗಿದ್ದರೆ ದೋಷ ಧೂಳಿನದು.

ಎಲೆಯ ಮೇಲಿನ ಗುರುತು

ಗಂಧಕದ ಡೈಆಕ್ಸೈಡಿನ ತೀವ್ರ ಹಾನಿಯು ನರಗಳ ನಡುವಿನ ಜಾಗದಲ್ಲಿ ದಂತದ ಬಣ್ಣದಿಂದ ಕಂದು ಬಣ್ಣದವರೆಗಿನ ತೇಪೆಗಳಾಗಿ, ಎಲೆಯ ಮೇಲ್ಮೈ ಕೆಳಮೈ ಎರಡರಲ್ಲೂ ಕಾಣುತ್ತದೆ. ನರಗಳು ಮತ್ತು ಅವುಗಳ ಒತ್ತಿನ ಪಟ್ಟಿ ಹಸಿರಾಗಿಯೇ ಉಳಿಯುತ್ತವೆ. ಎಲೆಯನ್ನು ಬೆಳಕಿಗೆ ಹಿಡಿದರೆ ಮೀನಿನ ಮುಳ್ಳಿನ ಹಾಗೆ ಹಸಿರು ಗೆರೆಗಳೂ ನಡುವೆ ಕಾಗದದಂಥ ಒಣ ಭಾಗವೂ ಕಾಣುತ್ತವೆ. ಹೆಚ್ಚು ಪೆಟ್ಟು ತಿನ್ನುವುದು ಆಗಷ್ಟೇ ಪೂರ್ತಿ ಅರಳಿದ ಎಲೆಗಳು. ಚಿಗುರು ಬಹುಮಟ್ಟಿಗೆ ಪಾರಾಗುತ್ತದೆ. ಅಂಚು ಮತ್ತು ತುದಿಯಿಂದ ಒಳಕ್ಕೆ ಸುಡುತ್ತ ಬಂದಿದ್ದರೆ ಫ್ಲೋರೈಡ್ ಅಥವಾ ಉಪ್ಪಿನ ಮೇಲೆ ಅನುಮಾನ ಹೋಗಬೇಕು. ಅಪಾರ್ಟ್‌ಮೆಂಟ್‌ಗಳ ತೋಟಗಳಿಗೆ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಸಂಸ್ಕರಣಾ ಘಟಕ) ಸಂಸ್ಕರಿಸಿದ ನೀರನ್ನೇ ಹಾಯಿಸುವುದರಿಂದ ಉಪ್ಪಿನ ಹಾನಿ ನಮ್ಮಲ್ಲಿ ಸಾಮಾನ್ಯ. ಮೇಲ್ಮೈಯಲ್ಲಿ ಮಾತ್ರ ಸೂಜಿಮೊನೆಯಷ್ಟು ಚುಕ್ಕೆಗಳಿದ್ದರೆ ಓಝೋನ್ ಇರಬಹುದು, ನುಸಿಯೂ ಇರಬಹುದು. ಭೂತಕನ್ನಡಿ ಹಿಡಿದು ಕೆಳಮೈ ನೋಡಿದರೆ ನುಸಿ ಸಿಕ್ಕಿಬೀಳುತ್ತದೆ. ಹೊಸ ಎಲೆಗಳಲ್ಲಿ ನರಗಳ ನಡುವೆ ಮೆದುವಾದ ಹಳದಿ, ಸತ್ತ ಅಂಗಾಂಶವಿಲ್ಲ ಎಂದಾದರೆ ಅದು ಕಬ್ಬಿಣದ ಕೊರತೆ.

ಹೀಗೆ ಕಣ್ಣಿಗೆ ಕಾಣುವಷ್ಟು ತೀವ್ರ ಹಾನಿಯಾಗಲು ಸಾಮಾನ್ಯವಾಗಿ ನೂರಾರು ಪಿಪಿಬಿಯಷ್ಟು (ಪಿಪಿಬಿ ಎಂದರೆ ನೂರು ಕೋಟಿಗೆ ಒಂದು ಭಾಗ) ಅನಿಲ ಕೆಲವು ಗಂಟೆಗಳ ಕಾಲ ಬೇಕಾಗುತ್ತದೆ. ರಾಷ್ಟ್ರೀಯ ವಾಯು ಗುಣಮಟ್ಟದ 2009ರ ಮಾನದಂಡದಲ್ಲಿ 24 ಗಂಟೆಗಳ ಸರಾಸರಿ ಮಿತಿ ಘನ ಮೀಟರಿಗೆ 80 ಮೈಕ್ರೋಗ್ರಾಂ, ಅಂದರೆ ಸುಮಾರು 30 ಪಿಪಿಬಿ. ವಾರ್ಷಿಕ ಮಿತಿ 50 ಮೈಕ್ರೋಗ್ರಾಂ. ಪರಿಸರ ಸೂಕ್ಷ್ಮ ಪ್ರದೇಶಗಳಿಗೆ 20. ಪೀಣ್ಯ, ಹೆಬ್ಬಾಳ, ಜಯನಗರ, ಸಿಲ್ಕ್ ಬೋರ್ಡ್‌ನಂಥ ಕಡೆಗಳಲ್ಲಿರುವ ಮಾಪನ ಕೇಂದ್ರಗಳ ಅಂಕಿಗಳನ್ನು ನೋಡುವಾಗ ತಿಂಗಳ ಸರಾಸರಿಯನ್ನು ಬಿಟ್ಟು ಗಂಟೆವಾರು ದಾಖಲೆಯನ್ನೇ ಕೇಳಿ ಪಡೆಯಬೇಕು. ಎರಡು ಗಂಟೆಗಳ ತೀವ್ರ ಏರಿಕೆ ತಿಂಗಳ ಸರಾಸರಿಯಲ್ಲಿ ಕರಗಿಹೋಗುತ್ತದೆ, ಎಲೆಗೆ ಮಾತ್ರ ಆ ಎರಡು ಗಂಟೆಗಳೇ ಮುಖ್ಯ.

ಗಂಧಕವನ್ನೇ ಅಳೆಯುವುದು

ಪಿಷ್ಟದ ಪರೀಕ್ಷೆ ಅಸಹಜವಾಗಿದ್ದು, ಕಾಂಡ, ನೀರು, ಧೂಳು, ಕೀಟ ಎಲ್ಲವೂ ಆರೋಪಮುಕ್ತವಾದರೆ ಎಲೆಯೊಳಗಿನ ಗಂಧಕದ ಕಡೆಗೆ ಬರಬೇಕು. ಎಲೆಗಳನ್ನು ಮೊದಲು ತೊಳೆಯುವುದು ಕಡ್ಡಾಯ. ಬೂದಿರೋಗಕ್ಕೆಂದು ತೋಟದ ಮಾಲಿ ನೀರಿನಲ್ಲಿ ಬೆರೆಯುವ ಗಂಧಕದ ಪುಡಿ ಸಿಂಪಡಿಸಿದ್ದರೆ ಎಲೆಯ ಹೊರಮೈಯ ಗಂಧಕವೇ ಇಡೀ ಲೆಕ್ಕವನ್ನು ಹಾಳುಮಾಡುತ್ತದೆ; ಅಷ್ಟೇ ಅಲ್ಲ, ಬಿರುಬಿಸಿಲಿನಲ್ಲಿ ಸಿಂಪಡಿಸಿದ ಗಂಧಕ ತಾನೇ ಎಲೆಯನ್ನು ಸುಡುತ್ತದೆ. ಮಾಲಿಯನ್ನು ವಿಚಾರಿಸುವುದು ಪ್ರಯೋಗಾಲಯದ ಎಷ್ಟೋ ಪರೀಕ್ಷೆಗಳಿಗಿಂತ ಮೇಲು.

ಒಣಗಿಸಿ ಪುಡಿ ಮಾಡಿದ ಎಲೆಯಲ್ಲಿ ಒಟ್ಟು ಗಂಧಕ ಸಾಮಾನ್ಯವಾಗಿ ಒಣ ತೂಕದ ಶೇ 0.1ರಿಂದ 0.5ರ ಒಳಗಿರುತ್ತದೆ, ಜಾತಿಯಿಂದ ಜಾತಿಗೆ ಬಹಳ ಬದಲಾಗುತ್ತದೆ. ಆದ್ದರಿಂದ ಒಟ್ಟು ಗಂಧಕಕ್ಕಿಂತ ಸಲ್ಫೇಟ್ ರೂಪದಲ್ಲಿರುವ ಗಂಧಕ ಹೆಚ್ಚು ಮಾಹಿತಿ ಕೊಡುತ್ತದೆ. ಪ್ರೋಟೀನಿನಲ್ಲಿ ಗಂಧಕ ಮತ್ತು ಸಾರಜನಕದ ಅನುಪಾತ ಹೆಚ್ಚುಕಡಿಮೆ ಸ್ಥಿರ. ಮರಗಳ ಎಲೆಗಳಲ್ಲಿ ಪರಮಾಣುಗಳ ಲೆಕ್ಕದಲ್ಲಿ ಅದು ಸುಮಾರು 0.03ರ ಆಸುಪಾಸಿನಲ್ಲಿರುತ್ತದೆ. ಅಗತ್ಯಕ್ಕಿಂತ ಹೆಚ್ಚಾಗಿ ಬಂದ ಗಂಧಕವೆಲ್ಲ ಸಲ್ಫೇಟ್ ಆಗಿ ಕೂಡಿಕೊಳ್ಳುತ್ತದೆ. ಸಲ್ಫೇಟನ್ನು ಬೇರಿಯಂ ಕ್ಲೋರೈಡ್ ಹಾಕಿ, ಮೂಡುವ ಬಿಳಿ ಮಬ್ಬನ್ನು 420 ನ್ಯಾನೋಮೀಟರ್‌ನಲ್ಲಿ ಅಳೆಯಬಹುದು. ಒಟ್ಟು ಗಂಧಕಕ್ಕೆ ನೈಟ್ರಿಕ್-ಪರ್‌ಕ್ಲೋರಿಕ್ ಆಮ್ಲಗಳ ಪಚನ ಬೇಕು, ಅದನ್ನು ಸೂಕ್ತ ಹೊಗೆಗೂಡು ಇಲ್ಲದ ಕಾಲೇಜುಗಳು ಕೈಗೆತ್ತಿಕೊಳ್ಳಬಾರದು. ಮಣ್ಣು-ಎಲೆ ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡುವುದು ಲೇಸು.

ಸಲ್ಫೇಟ್ ಹೆಚ್ಚಾಗಿದ್ದರೂ ಅದು ಗಾಳಿಯಿಂದ ಬಂತೋ ಬೇರಿನಿಂದ ಬಂತೋ ಎಂಬ ಪ್ರಶ್ನೆ ಉಳಿಯುತ್ತದೆ. ಕೊಳವೆಬಾವಿಯ ಗಡಸು ನೀರು, ಸಂಸ್ಕರಿಸಿದ ನೀರು, ಜಿಪ್ಸಮ್, ಅಮೋನಿಯಂ ಸಲ್ಫೇಟ್ ಇವೆಲ್ಲ ಬೇರಿನ ದಾರಿ. ಬೇರಿನಿಂದ ಬಂದ ಸಲ್ಫೇಟ್ ಮರದ ಸುತ್ತಲೂ ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತದೆ. ಗಾಳಿಯಿಂದ ಬಂದದ್ದು ಮೂಲಕ್ಕೆ ಮುಖಮಾಡಿದ ಬದಿಯ, ಅದರಲ್ಲೂ ಹೊರಗಿನ ಎಲೆಗಳಲ್ಲಿ ಹೆಚ್ಚಿರುತ್ತದೆ. ಹೀಗಾಗಿ ಒಂದು ಮರದಿಂದ ಒಂದೇ ಮಾದರಿ ತೆಗೆಯಬಾರದು. ನಾಲ್ಕು ದಿಕ್ಕಿನ ಹೊರ ಎಲೆಗಳನ್ನು ಪ್ರತ್ಯೇಕವಾಗಿ ಗುರುತು ಹಾಕಿ ತರಬೇಕು.

ಹೋಲಿಕೆಯ ಮರವನ್ನು ಲಾಲ್‌ಬಾಗ್‌ನಿಂದಲೋ ಕಬ್ಬನ್ ಉದ್ಯಾನದಿಂದಲೋ ತರುವ ರೂಢಿಯೊಂದಿದೆ. ಅಲ್ಲಿನ ಮಣ್ಣು, ನೀರು, ನೆರಳು ಎಲ್ಲವೂ ಬೇರೆಯಾದ್ದರಿಂದ ಆ ಹೋಲಿಕೆಯಲ್ಲಿ ಕಾಣುವ ವ್ಯತ್ಯಾಸ ಗಾಳಿಯದ್ದೇ ಎಂದು ಹೇಳಲಾಗದು. ಅನುಮಾನದ ಮೂಲಕ್ಕೆ ಗಾಳಿಯ ಎದುರು ದಿಕ್ಕಿನಲ್ಲಿ, ಅದೇ ಬಗೆಯ ರಸ್ತೆಯಲ್ಲಿರುವ, ಅದೇ ಜಾತಿಯ ಮರ ಹೆಚ್ಚು ಯೋಗ್ಯ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ-ನೈಋತ್ಯದ ಗಾಳಿಯೂ ಚಳಿಗಾಲದಲ್ಲಿ ಪೂರ್ವ-ಈಶಾನ್ಯದ ಗಾಳಿಯೂ ಪ್ರಧಾನವಾಗಿರುವುದರಿಂದ, ಒಂದೇ ಚಿಮಣಿಯ ಎರಡು ಬದಿಯ ಮರಗಳು ಋತುವಿಗೆ ತಕ್ಕಂತೆ ಪಾತ್ರ ಬದಲಿಸಬೇಕು. ಎರಡು ಋತುಗಳ ಅಳತೆಯಲ್ಲಿ ಸಲ್ಫೇಟ್ ಕೂಡುವ ಬದಿಯೂ ಹಾಗೆ ಬದಲಾದರೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಬದಲಾಗದಿದ್ದರೆ ದೋಷ ಮಣ್ಣಿನಲ್ಲಿದೆ ಎಂದೇ ನಾನು ಭಾವಿಸುತ್ತೇನೆ.

ತೊಗಟೆಯ ಮೇಲಿನ ಕಲ್ಲುಹೂವು ಮತ್ತು ತೊಗಟೆಯ ಆಮ್ಲೀಯತೆ ಗಂಧಕದ ಹಳೆಯ ಸೂಚಕಗಳೇ ಆದರೂ, ಸಿಮೆಂಟಿನ ಧೂಳು ತೊಗಟೆಯನ್ನು ಕ್ಷಾರೀಯವಾಗಿಸುವ ಈ ಊರಿನಲ್ಲಿ ಅವುಗಳನ್ನು ಪೂರಕ ಮಾಹಿತಿಯಾಗಿ ಮಾತ್ರ ಬಳಸಬೇಕು.

ಮೂಲ ಎಲ್ಲಿರಬಹುದು

ವಾಹನಗಳನ್ನು ದೂರುವ ಕಾಲ ಈ ವಿಷಯದಲ್ಲಿ ಮುಗಿದಿದೆ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಂದ ಬಿಎಸ್-6 (ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡದ ಆರನೇ ಹಂತ) ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಅದಕ್ಕೆ ಮುಂಚಿನ ಬಿಎಸ್-4ರಲ್ಲಿ 50 ಇತ್ತು. ಲೆಕ್ಕ ಹಾಕಿ ನೋಡಬಹುದು: ಅಂಥ ಡೀಸೆಲ್ 100 ಕಿಲೋ ಉರಿದರೆ ಹೊರಬರುವ ಗಂಧಕದ ಡೈಆಕ್ಸೈಡ್ ಹೆಚ್ಚೆಂದರೆ 2 ಗ್ರಾಂ. ಶೇ 3ರಷ್ಟು ಗಂಧಕವಿರುವ ಫರ್ನೇಸ್ ಎಣ್ಣೆ ಅಷ್ಟೇ ಉರಿದರೆ ಹೊರಬರುವುದು 6 ಕಿಲೋ, ಅಂದರೆ ಮೂರು ಸಾವಿರ ಪಟ್ಟು. ಆದ್ದರಿಂದ ಹುಡುಕಬೇಕಾದದ್ದು ವಾಹನಗಳ ಸಾಲನ್ನಲ್ಲ, ಫರ್ನೇಸ್ ಎಣ್ಣೆ, ಕಲ್ಲಿದ್ದಲು ಅಥವಾ ಪೆಟ್‌ಕೋಕ್ (ತೈಲ ಶುದ್ಧೀಕರಣದಲ್ಲಿ ಉಳಿಯುವ ಗಟ್ಟಿ ಇಂಧನ) ಉರಿಸುವ ಒಂದು ಬಾಯ್ಲರನ್ನು, ಬಣ್ಣ ಹಾಕುವ ಘಟಕವನ್ನು, ಆಮ್ಲ ಬಳಸುವ ಲೋಹಶುದ್ಧಿಯ ಶೆಡ್ಡನ್ನು.

ಜನರೇಟರ್‌ಗಳ ವಿಷಯದಲ್ಲೂ ಇದೇ ಮಾತು. ಪಂಪಿನ ಡೀಸೆಲ್ ಬಳಸುವ ಜನರೇಟರಿನ ಪಕ್ಕದ ಸಂಪಿಗೆಯ ಎಲೆ ಸುಟ್ಟಿದ್ದರೆ ಅದಕ್ಕೆ ಕಾರಣ ಬಿಸಿಗಾಳಿ, ಮಸಿ ಮತ್ತು ನೈಟ್ರೋಜನ್ ಆಕ್ಸೈಡುಗಳು. ಅಲ್ಲಿ ನೋಡಬೇಕಾದದ್ದು ಹೊಗೆಕೊಳವೆಯ ಎತ್ತರ: ನಿಯಮದಂತೆ ಕಟ್ಟಡದ ಎತ್ತರಕ್ಕೆ ಕೆವಿಎ ಸಾಮರ್ಥ್ಯದ ವರ್ಗಮೂಲದ 0.2ರಷ್ಟು ಮೀಟರ್ ಸೇರಿಸಬೇಕು, ಅಂದರೆ 400 ಕೆವಿಎ ಯಂತ್ರಕ್ಕೆ ಕಟ್ಟಡಕ್ಕಿಂತ 4 ಮೀಟರ್ ಮೇಲೆ. ನೆಲಮಹಡಿಯಲ್ಲೇ ಬಾಗಿಸಿ ಮರದ ಕಡೆಗೆ ತಿರುಗಿಸಿದ ಕೊಳವೆ ಕಂಡರೆ ಗಂಧಕದ ಪರೀಕ್ಷೆಗೆ ಹಣ ಖರ್ಚು ಮಾಡುವ ಅಗತ್ಯವಿಲ್ಲ.

ಸಮಯವನ್ನೂ ಗಮನಿಸಬೇಕು. ಡಿಸೆಂಬರ್-ಜನವರಿಯ ಮುಂಜಾನೆಗಳಲ್ಲಿ ನೆಲದ ಬಳಿ ತಂಪು ಗಾಳಿ ಸಿಕ್ಕಿಕೊಂಡು ಹೊಗೆ ಮೇಲೇರದೆ ನಿಲ್ಲುತ್ತದೆ. ಅದು ಚದುರುವ ಮುನ್ನವೇ ಬೆಳಕಿಗೆ ಪತ್ರರಂಧ್ರಗಳು ತೆರೆಯತೊಡಗುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ರಂಧ್ರಗಳು ಇನ್ನಷ್ಟು ತೆರೆದಿರುತ್ತವೆ. ರಾತ್ರಿಯಿಡೀ ಬಂದ ಹೊಗೆಗಿಂತ ಬೆಳಿಗ್ಗೆ ಏಳರಿಂದ ಒಂಬತ್ತರವರೆಗಿನ ಹೊಗೆ ಎಲೆಗೆ ಹೆಚ್ಚು ಅಪಾಯಕಾರಿ ಎನ್ನಲು ಇದೇ ಆಧಾರ, ಮತ್ತು ಬಾಯ್ಲರ್ ಹೊತ್ತಿಸುವ ಸಮಯವೂ ಹಲವು ಕಡೆ ಅದೇ.

ಹೈಡ್ರೋಜನ್ ಸಲ್ಫೈಡ್ ಬೇರೆಯದೇ ಪ್ರಕರಣ. ಕೊಳಚೆ ಸೇರುವ ವೃಷಭಾವತಿ ಕಣಿವೆಯಲ್ಲಿ, ಬೆಳ್ಳಂದೂರು-ವರ್ತೂರು ಕೆರೆಗಳ ಬಳಿ, ನಿರ್ವಹಣೆ ಸರಿಯಿಲ್ಲದ ಎಸ್‌ಟಿಪಿ ಕೋಣೆಗಳ ಹೊರಗೆ ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರಿಂದಲೇ. ಇದು ಸಲ್ಫೈಟ್ ಆಗದೆ ನೇರವಾಗಿ ಸಿಸ್ಟೀನ್ ತಯಾರಿಕೆಗೆ ಸೇರುತ್ತದೆ, ಹಾಗಾಗಿ ಎಲೆ ಅದನ್ನು ಸ್ವಲ್ಪಮಟ್ಟಿಗೆ ಅರಗಿಸಿಕೊಳ್ಳುತ್ತದೆ. ಪ್ರಮಾಣ ಹೆಚ್ಚಾದಾಗ ಲೋಹವಿರುವ ಕಿಣ್ವಗಳನ್ನು, ಉಸಿರಾಟದ ಸೈಟೋಕ್ರೋಮ್ ಆಕ್ಸಿಡೇಸನ್ನೂ ಸೇರಿಸಿ, ತಡೆಯುತ್ತದೆ; ಪೆಟ್ಟು ಮೊದಲು ಬೀಳುವುದು ಬಲಿತ ಎಲೆಗಲ್ಲ, ಎಳೆಯ ಚಿಗುರಿಗೆ. ಚಿಗುರು ಕರಕಲಾಗಿ ಬಲಿತ ಎಲೆ ಹಸಿರಾಗಿದ್ದು, ಸುತ್ತ ಆ ವಾಸನೆ ಇದ್ದರೆ ಚಿಮಣಿಯ ಬದಲು ಚರಂಡಿಯನ್ನು ನೋಡಬೇಕು.

ದೋಷ ಖಚಿತವಾದ ಮೇಲೆ

ಸತ್ತ ಅಂಗಾಂಶವನ್ನು ಯಾವ ಸಿಂಪಡಣೆಯೂ ಬದುಕಿಸುವುದಿಲ್ಲ. ಗೊಬ್ಬರ ಸುರಿದು ಎಲೆಯನ್ನು ಹಸಿರಾಗಿಸುವ ಪ್ರಯತ್ನ ಬೇಡ. ಸಕ್ಕರೆ ತಲುಪದೆ ಬಡವಾಗಿರುವ ಬೇರಿಗೆ ಮೊದಲು ಬೇಕಾದದ್ದು ಗಾಳಿಯಾಡುವ ಬುಡ ಮತ್ತು ಬೇಸಿಗೆಯಲ್ಲಿ ನಿಯಮಿತ ನೀರು. ಮೂಲದ ಬಗ್ಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡುವಾಗ ಬಾಡಿದ ಎಲೆಯ ಫೋಟೊ ಒಂದನ್ನೇ ಲಗತ್ತಿಸಿದರೆ ಅದಕ್ಕೆ ತೂಕವಿರುವುದಿಲ್ಲ. ನಾಲ್ಕು ದಿಕ್ಕಿನ ಸಲ್ಫೇಟ್ ಅಂಕಿಗಳು, ಸಂಜೆ-ಮುಂಜಾನೆಯ ಅಯೋಡಿನ್ ಚಿತ್ರಗಳು, ಹೋಲಿಕೆಯ ಮರದ ಸ್ಥಳ, ಹೊಗೆ ಬರುವ ಗಂಟೆಗಳ ದಾಖಲೆ ಜೊತೆಗಿರಬೇಕು.

ಇಂಧನ ಬದಲಾಗಿದೆ ಅಥವಾ ಚಿಮಣಿ ಸರಿಪಡಿಸಲಾಗಿದೆ ಎಂದು ತಿಳಿದ ಮೇಲೆ ಮರುಪರೀಕ್ಷೆಗೆ ಅದೇ ಮರದ ಹಳೆಯ ಎಲೆಗಳನ್ನು ಬಳಸಬಾರದು, ಏಕೆಂದರೆ ಒಮ್ಮೆ ಕೂಡಿದ ಸಲ್ಫೇಟ್ ಆ ಎಲೆ ಉದುರುವವರೆಗೂ ಬಹುಪಾಲು ಅಲ್ಲಿಯೇ ಇರುತ್ತದೆ. ಮಳೆಮರ, ಹೊಂಗೆಗಳಂತೆ ಎಲೆ ಉದುರಿಸುವ ಮರಗಳಲ್ಲಿ ಫೆಬ್ರುವರಿ-ಮಾರ್ಚ್‌ನ ಹೊಸ ಎಲೆ ಬಲಿತ ಮೇಲೆ ಅಳತೆ ತೆಗೆದರೆ ಉತ್ತರ ಸ್ಪಷ್ಟವಾಗಿ ಸಿಗುತ್ತದೆ. ಮಾವಿನಂಥ ನಿತ್ಯಹಸಿರಿನ ಮರದಲ್ಲಿ ಒಂದೇ ಕೊಂಬೆಯ ಮೇಲೆ ಹಳೆಯ ಮತ್ತು ಹೊಸ ಚಿಗುರಿನ ಎಲೆಗಳು ಒಟ್ಟಿಗೇ ಇರುವುದರಿಂದ, ದುರಸ್ತಿಯ ದಿನದ ನಂತರ ಒಡೆದ ಚಿಗುರಿನ ಬುಡಕ್ಕೆ ಬಣ್ಣದ ದಾರ ಸಡಿಲವಾಗಿ ಕಟ್ಟಿ ಗುರುತಿಟ್ಟು, ಆ ಎಲೆಗಳು ಪೂರ್ತಿ ಗಟ್ಟಿಯಾದ ಮೇಲೆ ಅವುಗಳನ್ನೇ ಹಿಂದಿನ ಕ್ರಮದಲ್ಲಿ, ಅದೇ ಹೊತ್ತಿನಲ್ಲಿ, ಮರದ ಬುಡದಲ್ಲೇ ಎಥನಾಲ್‌ಗೆ ಹಾಕಿ ಪರೀಕ್ಷಿಸಬೇಕು.